ಹದಿನಾರು ಪಿಕ್ಸೆಲ್

ಮಣ್ಣಗುಡ್ಡದ ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಡೆರಿಲ್ ಹದಿನಾಲ್ಕು ವರ್ಷದಿಂದ ಡಿಸೈನರ್. ಊರಿನಲ್ಲಿ ಎಲ್ಲಿ ಮದುವೆ ಮಂಟಪದ ಮುಂದೆ ವಧೂವರರ ಚಿತ್ರ ನಗುತ್ತಿದ್ದರೂ, ಎಲ್ಲಿ ಚರ್ಚ್ ಹಬ್ಬದ ಕಮಾನು ಎದ್ದು ನಿಂತರೂ, ಮೂರರಲ್ಲಿ ಒಂದು ಬ್ಯಾನರು ಅವನ ಕೈಯಿಂದ ಹೋದದ್ದೇ. ಇಪ್ಪತ್ತು ಅಡಿ, ಮೂವತ್ತು ಅಡಿಯ ಲೆಕ್ಕದಲ್ಲೇ ಯೋಚಿಸಿ ರೂಢಿಯಾದ ಮನುಷ್ಯ. ದೊಡ್ಡದಾಗಿ ಬಿಡಿಸಬೇಕು, ಹತ್ತಿರ ಹೋಗಿ ನೋಡಿದರೂ ಕೂದಲೆಳೆ ಒಡೆಯಬಾರದು ಎಂಬುದು ಅವನ ಹಟ. ಮಾಲಿಕ ಬೆನೆಡಿಕ್ಟರು ಗಿರಾಕಿಗಳಿಗೆ, “ಡೆರಿಲ್ ಕೈಗೆ ಕೊಟ್ರೆ ಆಯ್ತು, ಮತ್ತೆ ನೋಡ್ಲಿಕ್ಕಿಲ್ಲ” ಎನ್ನುತ್ತಿದ್ದರು.

ಲಾಕ್‌ಡೌನ್ ಕಾಲದಲ್ಲಿ ಅಂಗಡಿ ಮುಚ್ಚಿದಾಗ ಅವನಿಗೆ ಒಂದು ವಿಡಿಯೋ ಗೇಮಿನ ಹುಚ್ಚು ಹಿಡಿಯಿತು. ಗೇಮಿನ ಹೆಸರು ಹಾಪ್‌ಯಾರ್ಡ್. ಆಡುವುದಕ್ಕಿಂತ ಅದರಲ್ಲಿ ಮಾಡುವುದೇ ಅವನಿಗೆ ಇಷ್ಟ. ಅದರಲ್ಲಿ ಯಾರು ಬೇಕಾದರೂ ತಮ್ಮದೇ ಲೆವೆಲ್, ಅಂದರೆ ಆಟದ ಒಂದು ಹಂತ, ಕಟ್ಟಬಹುದು. ಹಿನ್ನೆಲೆ, ಗೋಡೆ, ಏಣಿ, ಹೊಂಡ, ಎಲ್ಲದರ ಚಿತ್ರ ತಾವೇ ಬರೆದು ಹಾಕಬಹುದು. ಲೋಕದ ಯಾವ ಮೂಲೆಯವರೂ ಅದನ್ನು ಆಡಬಹುದು. ಡೆರಿಲ್ ಹೊಳೆಬದಿಯ ಹಳೆಯ ಹಂಚಿನ ಕಾರ್ಖಾನೆಯೊಂದನ್ನು ಜಲವರ್ಣದಲ್ಲಿ ಬರೆದ. ಹೊಗೆ ಕೊಳವೆ, ಒಣಗಲು ಜೋಡಿಸಿಟ್ಟ ಹಂಚಿನ ಸಾಲು, ಕೆಂಪು ಧೂಳಿನಲ್ಲಿ ಓಡುವ ಕೆಲಸಗಾರ. ಎಂಟು ತಿಂಗಳು ಹಿಡಿಯಿತು. ಆದರೆ ಹಾಪ್‌ಯಾರ್ಡಿನಲ್ಲಿ ಚಿತ್ರಗಳಿಗೆ ಒಂದು ಮಿತಿ ಇತ್ತು. ಯಾವ ಚಿತ್ರವೂ ಉದ್ದಕ್ಕಾಗಲಿ ಅಡ್ಡಕ್ಕಾಗಲಿ ಸಾವಿರದ ಇಪ್ಪತ್ತನಾಲ್ಕು ಪಿಕ್ಸೆಲ್, ಅಂದರೆ ಅಷ್ಟು ಚುಕ್ಕೆಗಳನ್ನು ಮೀರಬಾರದು. ಒಂದು ಲೆವೆಲಿನ ಎಲ್ಲ ಚಿತ್ರಗಳೂ ಸೇರಿ ಎರಡು ಎಂಬಿ ದಾಟಬಾರದು. ಡೆರಿಲನ ಕಾರ್ಖಾನೆ ಎಂಟು ಸಾವಿರ ಪಿಕ್ಸೆಲ್ ಅಗಲವಿತ್ತು. ಗೇಮು ಅದನ್ನು ತಾನೇ ಕುಗ್ಗಿಸಿ, ಮತ್ತೆ ಹಿಗ್ಗಿಸಿ ತೋರಿಸಿತು. ಕೊಳವೆ ನೀರಿನಲ್ಲಿ ನೆನೆದ ಕಾಗದದಂತೆ ಕಂಡಿತು. ನಾಲ್ಕು ವರ್ಷದಲ್ಲಿ ಆಡಿದವರು ಮುನ್ನೂರ ಹನ್ನೆರಡು ಜನ.

“ಈ ಮಿತಿ ಮಾಡಿದವನಿಗೆ ಚಿತ್ರದ ಗಂಧವೇ ಇಲ್ಲ” ಎಂದು ಅವನು ಹೆಂಡತಿ ಎವ್ಲಿನಳ ಹತ್ತಿರ ಎಷ್ಟು ಸಲ ಹೇಳಿದ್ದನೋ. ಎವ್ಲಿನ್ ಟೀಚರು, ಪೇಪರ್ ತಿದ್ದುತ್ತಾ ಹೂಂ ಎನ್ನುತ್ತಿದ್ದಳು.

ಅಕ್ಷಿತಾ ಅಂಗಡಿಗೆ ಸೇರಿ ಎರಡು ವರ್ಷ. ಬೋಳೂರಿನ ಹುಡುಗಿ, ವಯಸ್ಸು ಇಪ್ಪತ್ತನಾಲ್ಕು. ಬಂದ ದಿನ ಅವಳಿಗೆ ಬಣ್ಣ ಬೆರೆಸಲೂ ನೆಟ್ಟಗೆ ಬರುತ್ತಿರಲಿಲ್ಲ. ಡೆರಿಲ್ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. ಇಬ್ಬರ ಮಾತು ತುಳುವಿನಲ್ಲಿ ಶುರುವಾಗಿ ಕನ್ನಡಕ್ಕೆ ಹಾಯುತ್ತಿತ್ತು. ಅವಳು ‘ಡೆರಿಲಣ್ಣ’ ಎನ್ನುತ್ತಿದ್ದಳು. ಹಾಪ್‌ಯಾರ್ಡನ್ನು ಅವಳಿಗೆ ತೋರಿಸಿದ್ದೂ ಅವನೇ. ಊಟದ ವಿರಾಮದಲ್ಲಿ ತನ್ನ ಕಾರ್ಖಾನೆಯನ್ನು ಆಡಲು ಕೊಟ್ಟು, ಅವಳ ಮುಖವನ್ನೇ ನೋಡುತ್ತಾ ಕೂತಿದ್ದ.

“ಚಂದ ಉಂಟು ಡೆರಿಲಣ್ಣ. ಆದ್ರೆ ಎಲ್ಲ ಮಂಜು ಮಂಜು ಕಾಣ್ತದಲ್ಲ?”

“ಅದು ನನ್ನ ತಪ್ಪಲ್ಲ, ಮಾರಾಯ್ತಿ. ಅವರ ಮಿತಿ.”

ಎರಡು ತಿಂಗಳ ಮೇಲೆ ಅವಳು ತನ್ನದೊಂದು ಲೆವೆಲ್ ಕಟ್ಟಿದಳು. ಹೆಸರು ‘ಬಾಗಿಯ ಬುಟ್ಟಿ’. ಬಾಗಿ ಅವಳ ಅಜ್ಜಿ; ಬಂದರಿನಲ್ಲಿ ದೋಣಿ ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡು ತಲೆಹೊರೆಯಲ್ಲಿ ಮನೆಮನೆಗೆ ಮಾರಿದವಳು. ಗೇಮಿನಲ್ಲಿ ಗಿಡ್ಡ ಮುದುಕಿಯೊಬ್ಬಳು ಬುಟ್ಟಿ ಹೊತ್ತು ದೋಣಿಯಿಂದ ದೋಣಿಗೆ ಹಾರುತ್ತಾಳೆ. ಕಾಲು ತಪ್ಪಿದರೆ ಬುಟ್ಟಿಯ ಒಂದು ಬಂಗುಡೆ ಮೀನು ನೀರಿಗೆ ಬೀಳುತ್ತದೆ. ಮೇಲೆ ಕಾಗೆಗಳು ಕಾಯುತ್ತಿರುತ್ತವೆ.

ಅದರಲ್ಲಿ ದೊಡ್ಡ ಚಿತ್ರಗಳೇ ಇರಲಿಲ್ಲ. ಒಂದು ಅಲೆ, ಒಂದು ಹಲಗೆ, ಒಂದು ಹಗ್ಗ, ಒಂದು ಕಾಗೆ. ಬೆರಳ ತುದಿಯಷ್ಟು ಚಿಕ್ಕ ಅಂಥ ಹದಿನಾಲ್ಕು ತುಂಡುಗಳನ್ನು ಮಾಡಿ, ಅವನ್ನೇ ತಿರುಗಿಸಿ, ಮಗುಚಿ, ಬಣ್ಣ ಸ್ವಲ್ಪ ಬದಲಿಸಿ ಇಡೀ ದಕ್ಕೆಯನ್ನು ಜೋಡಿಸಿದ್ದಳು. ಒಂದೇ ಅಲೆ ನೂರು ಕಡೆ ಇತ್ತು. ಎರಡು ಅಲೆ ಒಂದೇ ತರ ಕಾಣುತ್ತಿರಲಿಲ್ಲ. ಎಲ್ಲ ಸೇರಿ ಅರ್ಧ ಎಂಬಿಯೂ ಆಗಲಿಲ್ಲ. ಚಿತ್ರ ಕೊರೆದಿಟ್ಟಂತೆ ಸ್ಪಷ್ಟ.

ಮೊದಲ ವಾರದಲ್ಲೇ ಒಂಬತ್ತು ಸಾವಿರ ಜನ ಆಡಿದರು.

ಡೆರಿಲ್ ಮೆಚ್ಚಿದ, ಬೆನ್ನು ತಟ್ಟಿದ. ನಾಲ್ಕು ಜನರಿಗೆ ‘ನಾನು ಕಲಿಸಿದ ಹುಡುಗಿ’ ಎಂದೂ ಹೇಳಿದ. ಆ ಮಾತು ಹೇಳುವಾಗ ಮಾತ್ರ ಎದೆ ತಂಪಾಗುತ್ತಿತ್ತು. ಉಳಿದ ಹೊತ್ತು, ಕೆಲಸದ ನಡುವೆ ಹತ್ತು ನಿಮಿಷಕ್ಕೊಮ್ಮೆ ಫೋನು ತೆಗೆದು ಅವಳ ಲೆವೆಲ್ ಆಡಿದವರ ಅಂಕೆ ನೋಡುವನು. ಹನ್ನೊಂದು ಸಾವಿರ. ಹದಿನಾಲ್ಕು ಸಾವಿರ. ಬ್ರೆಜಿಲಿನವನೊಬ್ಬ, ‘ಈ ಅಜ್ಜಿಗಾಗಿ ನನ್ನ ಊಟ ತಣ್ಣಗಾಯಿತು’ ಎಂದು ಬರೆದಿದ್ದ. ತನ್ನ ಕಾರ್ಖಾನೆಯ ಕೆಳಗೆ ಇದ್ದದ್ದು ಎರಡೇ ಮಾತು. ಅದರಲ್ಲಿ ಒಂದು ಅವನ ಭಾವ ಲಯನೆಲ್ ದುಬೈಯಿಂದ ಹಾಕಿದ್ದು.

ಮನೆಗೆ ಬಂದರೆ ಅಲ್ಲಿಯೂ ಅದೇ. ಹತ್ತು ವರ್ಷದ ಮಗಳು ಟಾನ್ಯಾ ಸೋಫಾದಲ್ಲಿ ಅಡ್ಡ ಬಿದ್ದು ಬಾಗಿಯನ್ನು ಹಾರಿಸುತ್ತಿದ್ದಳು.

“ಪಪ್ಪಾ, ಅಕ್ಷಿತಾ ಆಂಟಿಗೆ ಕೇಳು, ಮೂರನೇ ದೋಣಿ ದಾಟುದು ಹೇಗೆ ಅಂತ.”

“ನನ್ನ ಕಾರ್ಖಾನೆ ಮುಗಿಸಿದ್ಯಾ ನೀನು?”

“ಅದು ಬ್ಲರ್ ಉಂಟು ಪಪ್ಪಾ. ಕಣ್ಣು ನೋಯ್ತದೆ.”

ಡೆರಿಲ್ ಸ್ನಾನಕ್ಕೆ ಹೋದ. ತಲೆಗೆ ನೀರು ಹೊಯ್ದುಕೊಳ್ಳುತ್ತಾ, ಆ ಅಲೆ ಅಕ್ಷಿತಾಳಿಗೆ ಹೇಗೆ ಹೊಳೆಯಿತು, ನನಗೆ ಯಾಕೆ ಹೊಳೆಯಲಿಲ್ಲ ಎಂದು ಯೋಚಿಸಿದ.

ಅವಳಿಗಾದರೂ ಅವನ ಮೇಲೆ ಕಲ್ಮಶವಿರಲಿಲ್ಲ. ಹಾಪ್‌ಯಾರ್ಡ್ ಕಂಪನಿಯವರು ಆ ವರ್ಷ ಜನ ಮಾಡಿದ ಲೆವೆಲುಗಳಲ್ಲಿ ಹತ್ತನ್ನು ಆರಿಸಿ ಗೇಮಿನೊಳಗೇ ಸೇರಿಸುತ್ತೇವೆ ಎಂದಾಗ, ಅಕ್ಷಿತಾ ತಾನೇ ಅವನ ಮೇಜಿಗೆ ಬಂದಳು.

“ಡೆರಿಲಣ್ಣ, ನಿಮ್ಮದು ಕೂಡ ಕಳಿಸುವ. ನಾನು ತುಂಡು ಮಾಡಿ ಕೊಡ್ತೇನೆ. ಚಿತ್ರ ಅಷ್ಟು ಒಳ್ಳೆದುಂಟು, ಗಾತ್ರ ಮಾತ್ರ ದೊಡ್ಡದು.”

ಬೇಡ ಎನ್ನಲು ಬಾಯಿ ಬರಲಿಲ್ಲ. ಹದಿನೈದು ದಿನ ಕೆಲಸ ಮುಗಿದ ಮೇಲೆ ಒಂದೊಂದು ಗಂಟೆ ಕೂತು ಅವಳು ಅವನ ಕಾರ್ಖಾನೆಯನ್ನು ತುಂಡು ತುಂಡಾಗಿ ಬಿಡಿಸಿದಳು. ಕೊಳವೆಯಿಂದ ಒಂದು ಇಟ್ಟಿಗೆ ತೆಗೆದಳು, ಸಾಲಿನಿಂದ ಒಂದು ಹಂಚು ತೆಗೆದಳು; ಉಳಿದದ್ದನ್ನೆಲ್ಲ ಅವುಗಳಿಂದಲೇ ಮತ್ತೆ ಕಟ್ಟಿದಳು. ಹೊಳೆಗೆ ತನ್ನ ಅಲೆಯನ್ನೇ ಕೊಟ್ಟಳು. ಕಾರ್ಖಾನೆ ಮೊದಲ ಸಲ ಕಣ್ಣು ತೆರೆದ ಹಾಗೆ ನಿಂತಿತು. ಡೆರಿಲನಿಗೆ ಸಂತೋಷವಾಯಿತು. ಅದರ ಬೆನ್ನಿಗೇ, ಎಂಟು ತಿಂಗಳಲ್ಲಿ ತನ್ನಿಂದಾಗದ್ದು ಇವಳಿಂದ ಹದಿನೈದು ಸಂಜೆಯಲ್ಲಿ ಆಯಿತಲ್ಲ ಎಂದು ಕಿಚ್ಚೂ ಹತ್ತಿತು.

ಎರಡನ್ನೂ ಕಳಿಸಿದರು. ಜೂನಿನಲ್ಲಿ ಆಯ್ಕೆಯ ಪಟ್ಟಿ ಬಂತು. ‘ಬಾಗಿಯ ಬುಟ್ಟಿ’ ಹತ್ತರಲ್ಲಿ ಒಂದು. ಡೆರಿಲನ ಕಾರ್ಖಾನೆ ಕಾಯುವವರ ಸಾಲಿನಲ್ಲಿ ಮೊದಲನೆಯದು. ಹತ್ತರಲ್ಲಿ ಯಾವುದಾದರೂ ಬಿದ್ದುಹೋದರೆ ಇದಕ್ಕೆ ಜಾಗ. ಆಯ್ಕೆಯಾದವರು ಚಿತ್ರಗಳನ್ನೆಲ್ಲ ಇನ್ನೊಮ್ಮೆ ಶನಿವಾರದೊಳಗೆ ಕಳಿಸಬೇಕಿತ್ತು. ಈ ಸಲ ಗೇಮು ತಾನಾಗಿ ಯಾವುದನ್ನೂ ಕುಗ್ಗಿಸುವುದಿಲ್ಲ, ಮಿತಿ ಮೀರಿದ ಒಂದು ಚಿತ್ರ ಇದ್ದರೂ ಲೆವೆಲನ್ನು ತಳ್ಳಿಹಾಕಲಾಗುತ್ತದೆ, ಎರಡನೇ ಅವಕಾಶವಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

ಶುಕ್ರವಾರ ಸಂಜೆ ಐದಕ್ಕೆ ಅಕ್ಷಿತಾ ತನ್ನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದಳು. “ಒಮ್ಮೆ ನೋಡಿ ಡೆರಿಲಣ್ಣ. ನನಗೆ ನೋಡಿ ನೋಡಿ ಈಗ ಎಂತದೂ ಕಾಣುದಿಲ್ಲ.”

ಅವನು ಚಿತ್ರಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓಡಿಸಿದ. ಅಲೆ, ಅರವತ್ತನಾಲ್ಕು ಪಿಕ್ಸೆಲ್. ಹಲಗೆ, ಅರವತ್ತನಾಲ್ಕು. ಕಾಗೆ, ಮೂವತ್ತೆರಡು. ಕೊನೆಯಲ್ಲಿ ಅವಳು ಹೊಸದಾಗಿ ಸೇರಿಸಿದ ಆಕಾಶ. ಸಂಜೆಯ ಕೆಂಪಿಗೆ ಮಾತ್ರ ಅವಳು ಒಂದು ಅಗಲದ ಚಿತ್ರ ಬರೆದಿದ್ದಳು. ಅಂಚಿನಲ್ಲಿ ಸಂದಿ ಕಾಣದಿರಲಿ ಎಂದು ಒಂದಿಷ್ಟು ಬೆಳೆಸಿದ್ದಳು.

ಸಾವಿರದ ನಲವತ್ತು.

ಹದಿನಾರು ಪಿಕ್ಸೆಲ್ ಹೆಚ್ಚು. ಕತ್ತರಿಸಲು ಅರ್ಧ ನಿಮಿಷ ಬೇಡ. ಡೆರಿಲನ ಕೈ ಮೌಸಿನ ಮೇಲೆ ನಿಂತಿತು. ಹದಿನಾಲ್ಕು ವರ್ಷದಲ್ಲಿ ಒಂದು ಬ್ಯಾನರಿನ ಅಳತೆಯನ್ನೂ ತಪ್ಪಿ ಬಿಟ್ಟವನಲ್ಲ ಅವನು.

“ಎಂತಾದ್ರೂ ತಪ್ಪುಂಟಾ?” ಅಕ್ಷಿತಾ ಕೇಳಿದಳು.

“ಇಲ್ಲ ಮಾರಾಯ್ತಿ. ಎಲ್ಲ ಸರಿ ಉಂಟು.”

ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಅವಳು ನಕ್ಕು, ಬ್ಯಾಗು ಹೆಗಲಿಗೆ ಹಾಕಿ ಹೊರಟಳು. ಮರುದಿನ ಮಧ್ಯಾಹ್ನ ಎರಡರವರೆಗೂ ಸಮಯವಿತ್ತು. ಬೆಳಿಗ್ಗೆ ಅಂಗಡಿಯಲ್ಲಿ ಅವಳು ಎರಡು ಸಲ ಅವನ ಹಿಂದಿನಿಂದ ಹಾದುಹೋದಳು. ಪ್ರತಿ ಸಲವೂ ಈಗ ಹೇಳುತ್ತೇನೆ ಎಂದುಕೊಂಡ. ಅವಳೇ ನೋಡಿಕೊಳ್ಳಬೇಕಿತ್ತು, ನಾನೇನು ಅವಳ ಕಾವಲುಗಾರನೇ ಎಂದೂ ಅಂದುಕೊಂಡ. ಒಂದು ಗಂಟೆಗೆ ಅವಳು, “ಕಳಿಸಿದೆ!” ಎಂದು ಕೂಗಿದಳು. ಬೆನೆಡಿಕ್ಟರು ಚಪ್ಪಾಳೆ ತಟ್ಟಿದರು. ಡೆರಿಲನೂ ತಟ್ಟಿದ.

ಭಾನುವಾರ ಚರ್ಚಿನ ಪೂಜೆಯಲ್ಲಿ ಅವನು ಮೊಣಕಾಲೂರಿದ್ದೇ ಬಂತು, ಒಂದು ಪ್ರಾರ್ಥನೆಯೂ ಕೊನೆ ಮುಟ್ಟಲಿಲ್ಲ. ಮಧ್ಯಾಹ್ನ ತಟ್ಟೆಯಲ್ಲಿ ಇಡ್ಲಿಯಂಥ ಸಣ್ಣಗಳು ಹಾಗೇ ಉಳಿದವು. ಎವ್ಲಿನ್, “ಎಂತ, ಮೈ ಹುಷಾರಿಲ್ವಾ?” ಎಂದಳು. ಸೆಕೆ ಎಂದ.

ಮಂಗಳವಾರ ಬೆಳಿಗ್ಗೆ ಅಕ್ಷಿತಾಳಿಗೆ ಉತ್ತರ ಬಂತು. ನಾಲ್ಕೇ ಸಾಲು. ಆಕಾಶದ ಚಿತ್ರ ಮಿತಿ ಮೀರಿದೆ, ವಿಷಾದವಿದೆ. ಅವಳು ಪ್ರಿಂಟಿಂಗ್ ಮೆಷಿನಿನ ಆಚೆ ಹೋಗಿ ನಿಂತು ಅತ್ತಳು. ಮೆಷಿನಿನ ಸದ್ದಿನಲ್ಲಿ ಅಳು ಕೇಳಲಿಲ್ಲ, ಹೆಗಲು ಅದುರುವುದು ಮಾತ್ರ ಕಂಡಿತು.

“ನಾನು ಎಂತ ಬೋದಾಳಿ ಡೆರಿಲಣ್ಣ. ಹದಿನಾರು ಪಿಕ್ಸೆಲ್. ನಿಮಗೆ ಸಹ ತೋರಿಸಿದ್ದೆ, ನಿಮಗೂ ಕಾಣ್ಲಿಲ್ಲ. ಕೊನೆಗೆ ಸೇರಿಸಿದ್ದು ಅಲ್ವಾ, ಅದಕ್ಕೇ.”

ಅವನು ನೀರಿನ ಬಾಟಲಿ ಕೊಟ್ಟ. ಸಮಾಧಾನ ಹೇಳಿದ. ಹೇಳುತ್ತಾ ಹೇಳುತ್ತಾ ಒಳಗೆ ಎಲ್ಲೋ ಒಂದು ಕಟ್ಟು ಸಡಿಲಿದಂತೆ ಸುಖವಾಯಿತು. ತಾನು ಮತ್ತೆ ದೊಡ್ಡವನು, ಅವಳು ಮತ್ತೆ ಕಲಿಯುವವಳು. ಆ ಸುಖ ಒಂದು ಲೋಟ ಚಾ ಕುಡಿಯುವಷ್ಟು ಹೊತ್ತು ಇತ್ತು. ಆಮೇಲೆ ತನ್ನ ಮೈಯಿಂದಲೇ ದುರ್ನಾತ ಬರುವಂತೆ ಅನ್ನಿಸತೊಡಗಿತು.

ಶುಕ್ರವಾರ ಅವನಿಗೆ ಮೇಲ್ ಬಂತು. ಒಂದು ಜಾಗ ತೆರವಾದ್ದರಿಂದ ಅವನ ಕಾರ್ಖಾನೆಯನ್ನು ಸೇರಿಸಿಕೊಳ್ಳುತ್ತೇವೆ, ಅಭಿನಂದನೆಗಳು. ಚಿತ್ರಗಳೆಲ್ಲ ಮಿತಿಯೊಳಗೆ ಇದ್ದವು. ಇರದೆ ಏನು, ಅವನ್ನು ಅಳೆದು ಕತ್ತರಿಸಿದವಳು ಅಕ್ಷಿತಾ.

ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವಳೂ ಅವಳೇ. “ನೋಡಿ, ನಾನು ಹೇಳಿದ್ದೆ ಅಲ್ವಾ? ನನ್ನದು ಹೋದ್ರೂ ಜಾಗ ನಮ್ಮ ಅಂಗಡಿಯಲ್ಲೇ ಉಳೀತು!” ಬೆನೆಡಿಕ್ಟರು ಎಲ್ಲರಿಗೂ ಐಸ್‌ಕ್ರೀಮ್ ತರಿಸಿದರು. ಡೆರಿಲನ ಬಾಯಲ್ಲಿ ಅದು ಸುಣ್ಣದ ಹಾಗೆ ಅಂಟಿತು. ಮನೆಯಲ್ಲಿ ಸುದ್ದಿ ಹೇಳಿದಾಗ ಎವ್ಲಿನ್ ಪೆನ್ನು ಕೆಳಗಿಟ್ಟು, “ಅಕ್ಷಿತಾಳದ್ದು ಹೋದದ್ದಕ್ಕೆ ನಿನಗೆ ಸಿಕ್ಕಿದ್ದಾ?” ಎಂದಳು. ಸುಮ್ಮನೆ ಕೇಳಿದ ಮಾತು. ಅವನು ಬಾಗಿಲು ಹಾಕಿಬರುವ ನೆವದಲ್ಲಿ ಎದ್ದು ಹೋದ.

ಸೋಮವಾರ ಬಂದರಿನಲ್ಲಿ ಒಂದು ಅಳತೆಯ ಕೆಲಸವಿತ್ತು. ಒಣಮೀನು ವ್ಯಾಪಾರಿ ಅಬ್ದುಲ್ ರಹ್ಮಾನರ ಗೋದಾಮಿಗೆ ಹೊಸ ಬೋರ್ಡು. ಡೆರಿಲ್ ಟೇಪಿನ ಡಬ್ಬಿ ಹಿಡಿದು ಬಾಗಿಲ ಈಚೆ ನಿಂತ. ಅಕ್ಷಿತಾ ಟೇಪಿನ ತುದಿ ಹಿಡಿದು ಗೋಡೆಯ ಆಚೆ ಕೊನೆಗೆ ಹೋದಳು. ನಡುವೆ ಲಾರಿಯವರು ಚೀಲ ಇಳಿಸುತ್ತಿದ್ದರು. ಅವಳು ಟೇಪನ್ನು ಗೋಡೆಗೆ ಒತ್ತಿ, “ಹೇಳಿ ಡೆರಿಲಣ್ಣ, ಎಷ್ಟುಂಟು?” ಎಂದಳು.

ಅವನು ಅಂಕೆ ಓದಲಿಲ್ಲ.

“ಅಕ್ಷಿತಾ, ಆ ಆಕಾಶ ಸಾವಿರದ ನಲವತ್ತು ಇದ್ದದ್ದು ನಾನು ಆ ದಿನವೇ ನೋಡಿದ್ದೆ.”

“ಎಂತ?”

“ಕಳಿಸುವ ಹಿಂದಿನ ದಿನ, ಶುಕ್ರವಾರ. ನೀನು ಪಕ್ಕದಲ್ಲೇ ಕೂತಿದ್ದೆ. ನೋಡಿದೆ, ಹೇಳಲಿಲ್ಲ.”

ಅವಳು ಟೇಪನ್ನು ಗೋಡೆಗೆ ಇನ್ನೊಮ್ಮೆ ಒತ್ತಿದಳು. ಆಮೇಲೆ, ಅವನಿಗೆ ತಪ್ಪಿಸಿಕೊಳ್ಳಲು ದಾರಿ ಕೊಡುವವಳಂತೆ ಮೆಲ್ಲನೆ ಕೇಳಿದಳು. “ಹೇಳ್ಲಿಕ್ಕೆ ಮರ್ತು ಹೋಯ್ತಾ?”

“ಮರೆಯಲಿಲ್ಲ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಬಾಗಿಯ ಬುಟ್ಟಿ ಬಂದ ದಿನದಿಂದ.”

ಅಕ್ಷಿತಾ ಟೇಪಿನ ತುದಿಯನ್ನು ಬಿಟ್ಟಳು. ಇಪ್ಪತ್ತೆರಡು ಅಡಿಯ ಉಕ್ಕಿನ ಪಟ್ಟಿ ಸರ್ರನೆ ಹಿಂದಕ್ಕೆ ಬಂದು ಡೆರಿಲನ ಬೆರಳ ಗೆಣ್ಣಿಗೆ ಬಡಿಯಿತು. ರಕ್ತ ಒಸರಿತು. ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಅಬ್ದುಲ್ ರಹ್ಮಾನರು ಎದ್ದು, “ಎಂತಾಯ್ತು? ಎಷ್ಟು ಬಂತು ಅಳತೆ?” ಎಂದು ಕೇಳಿದರು.

“ಇನ್ನೊಮ್ಮೆ ಹಿಡೀಬೇಕು ಸಾಹುಕಾರ್ರೇ” ಎಂದು ಅವಳೇ ಉತ್ತರಿಸಿದಳು. ಮತ್ತೆ ಬಂದು ಟೇಪಿನ ತುದಿ ಎಳೆದುಕೊಂಡು ಹೋದಳು. ಅಳತೆ ಬರೆದುಕೊಂಡಳು. ಅವನ ಬೆರಳಿನ ಕಡೆ ನೋಡಲಿಲ್ಲ. ಹಿಂದಿರುಗುವಾಗ ಅವನ ಸ್ಕೂಟರಿನಲ್ಲಿ ಕೂರದೆ ಬಸ್ಸು ಹತ್ತಿದಳು.

ಮರುದಿನ ಅವಳು ಅವನ ಮೇಜಿನ ಮುಂದೆ ನಿಂತಾಗ ಕಣ್ಣು ಕೆಂಪಾಗಿತ್ತು, ಸ್ವರ ಮಾತ್ರ ಗಟ್ಟಿಯಾಗಿತ್ತು.

“ಸರ್” ಎಂದಳು. ಎರಡು ವರ್ಷದಲ್ಲಿ ಮೊದಲ ಸಲ. “ಒಂದು ಮಾತಾಡ್ಲಿಕ್ಕುಂಟು.”

“ನಾನು ಕಾರ್ಖಾನೆಯನ್ನು ಹಿಂದಕ್ಕೆ ತೆಗೆದುಕೊಳ್ತೇನೆ, ಅಕ್ಷಿತಾ. ಇವತ್ತೇ ಬರೀತೇನೆ.”

“ನೀವು ತೆಗೆದ್ರೆ ಅದು ನನಗೆ ಸಿಗ್ತದಾ?”

“ಇಲ್ಲ. ಸಾಲಿನಲ್ಲಿ ಮುಂದೆ ಇದ್ದವರಿಗೆ ಹೋಗ್ತದೆ.”

“ಮತ್ತೆ ಎಂತಕ್ಕೆ ತೆಗಿಯುದು? ನಿಮ್ಮ ಮನಸ್ಸು ಹಗುರ ಆಗ್ಲಿಕ್ಕಾ?”

ಅವನು ಕೀಬೋರ್ಡಿನಿಂದ ಕೈ ತೆಗೆದ.

“ಕಾರ್ಖಾನೆಯ ಹಿಂದೆ ಹೊಳೆ ಉಂಟಲ್ಲ, ಅದು ಯಾರದ್ದು?”

“ನಿನ್ನದು.”

“ಕೊಳವೆ?”

“ಬರೆದದ್ದು ನಾನು. ತುಂಡು ಮಾಡಿ ಕಟ್ಟಿದ್ದು ನೀನು.”

“ಹಾಗಾದ್ರೆ ನನ್ನ ಹೆಸರು ಹಾಕಿ. ಸಹಾಯ ಮಾಡಿದ್ಲು ಅಂತ ಕೆಳಗೆ ಅಲ್ಲ. ಮಾಡಿದವರು ಅಂತ. ನಂದು ಮೊದಲು, ನಿಮ್ಮದು ಆಮೇಲೆ.”

ಅಷ್ಟು ಹೇಳಿ ಅವಳು ತನ್ನ ಜಾಗಕ್ಕೆ ಹೋಗಿ ಯಾರದೋ ಗೃಹಪ್ರವೇಶದ ಬ್ಯಾನರು ತೆರೆದಳು.

ಮೇಲ್ ಬರೆಯಲು ಡೆರಿಲನಿಗೆ ಇಡೀ ಮಧ್ಯಾಹ್ನ ಬೇಕಾಯಿತು. ನಡೆದದ್ದನ್ನು ಮುಚ್ಚಿಡದೆ ಬರೆದ: ಅಕ್ಷಿತಾಳ ಚಿತ್ರ ಮಿತಿ ಮೀರಿದ್ದನ್ನು ನಾನು ಕಂಡೂ ಸುಮ್ಮನಿದ್ದೆ, ಸಾಧ್ಯವಾದರೆ ಅವಳ ಲೆವೆಲನ್ನು ಮತ್ತೆ ನೋಡಿ ಎಂದು. ಅದು ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಹೆಸರುಗಳ ಸಾಲು. ಮೊದಲು ತನ್ನ ಹೆಸರು ಬರೆದು, ‘ಜೊತೆಗೆ ಅಕ್ಷಿತಾ’ ಎಂದ. ಅಳಿಸಿದ. ಅವಳ ಹೆಸರನ್ನು ಮೊದಲು ಬರೆದ. ತಪ್ಪು ಮಾಡಿದವನು ತಾನು, ಒಪ್ಪಿಕೊಂಡವನೂ ತಾನು, ಇಷ್ಟಾದ ಮೇಲೂ ಆ ಎರಡು ಹೆಸರುಗಳ ಅದಲುಬದಲು ನೋಡಿ ಕಿಚ್ಚು ಹತ್ತುತ್ತದಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಕಿಚ್ಚು ಮಾತ್ರ ಆರಲಿಲ್ಲ. ಹಾಗೆಯೇ ಕಳಿಸಿದ.

ಕಂಪನಿಯ ಉತ್ತರ ಮರ್ಯಾದೆಯದ್ದಾಗಿತ್ತು. ನಿಯಮ ಎಲ್ಲರಿಗೂ ಒಂದೇ, ‘ಬಾಗಿಯ ಬುಟ್ಟಿ’ಯನ್ನು ಈ ವರ್ಷ ಮತ್ತೆ ಸೇರಿಸಲಾಗದು, ಮುಂದಿನ ವರ್ಷ ಕಳಿಸಬಹುದು; ಹೆಸರುಗಳನ್ನು ಹೇಳಿದ ಹಾಗೆ ಬದಲಿಸಿದ್ದೇವೆ. ಅಕ್ಷಿತಾ ಅದನ್ನು ಓದಿ ಫೋನು ಹಿಂದಕ್ಕೆ ಕೊಟ್ಟಳು. “ಆಯ್ತು ಸರ್” ಎಂದಳು.

ಅವಳು ಜಗಳಾಡಲಿಲ್ಲ, ಬೆನೆಡಿಕ್ಟರಿಗೆ ದೂರು ಕೊಡಲಿಲ್ಲ. ಊಟದ ಹೊತ್ತಿಗೆ ಮಾತ್ರ ಡಬ್ಬಿ ಹಿಡಿದು ಮೆಷಿನಿನ ಆಚೆ ಹೋಗಿ ಕೂತಳು. ಬೆನೆಡಿಕ್ಟರು, “ಎಂತ, ಗುರು ಶಿಷ್ಯೆ ಟೂ ಬಿಟ್ರಾ?” ಎಂದು ನಗೆಯಾಡಿದರು; ಇಬ್ಬರೂ ನಗಲಿಲ್ಲ. ಆಗಸ್ಟಿನಲ್ಲಿ ಅವಳಿಗೆ ಬಿಜೈಯಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರ, ಮಕ್ಕಳ ಆನಿಮೇಷನ್ ಮಾಡುವ ಚಿಕ್ಕ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಎಲ್ಲರ ಕೈ ಕುಲುಕಿದಳು. ಅವನ ಕೈಯನ್ನೂ ಕುಲುಕಿದಳು.

“ನನಗೆ ಬಣ್ಣ ಬೆರೆಸ್ಲಿಕ್ಕೆ ಕಲಿಸಿದ್ದು ನೀವು. ಅದು ಇಲ್ಲ ಅಂತ ಹೇಳುದಿಲ್ಲ” ಎಂದಳು. “ಆದ್ರೆ ನನ್ನ ಕೆಲಸ ಇನ್ನು ನಿಮಗೆ ತೋರಿಸ್ಲಿಕ್ಕೆ ನನಗೆ ಧೈರ್ಯ ಬರುದಿಲ್ಲ.”

“ಸರಿ” ಎಂದ ಡೆರಿಲ್. ಬೇರೆ ಏನು ಹೇಳುವುದಕ್ಕೂ ತನಗೆ ಹಕ್ಕಿಲ್ಲ ಎಂದು ಅವನಿಗೆ ಗೊತ್ತಿತ್ತು.

ಕಾರ್ಖಾನೆ ಅಕ್ಟೋಬರಿನಲ್ಲಿ ಗೇಮಿನೊಳಗೆ ಬಂತು. ಅದೊಂದು ಭಾನುವಾರ. ಚರ್ಚಿನಿಂದ ಬಂದು ಬಟ್ಟೆ ಬದಲಿಸುವ ಮೊದಲೇ ಟಾನ್ಯಾ ಫೋನು ಹಿಡಿದಳು. ತೆರೆಯ ಮೇಲೆ ಕೊಳವೆ ಎದ್ದಿತು, ಹಿಂದೆ ಹೊಳೆ ಮಿನುಗಿತು, ಕೆಳಗೆ ಎರಡು ಹೆಸರುಗಳು ಮೂಡಿದವು. ಆಗಲೇ ಕೆಲವರು ಕೆಳಗೆ ಬರೆದಿದ್ದರು. ಮೊದಲನೆಯವನೇ, ‘ನೀರನ್ನು ಹೀಗೆ ಮಾಡಿದ್ದು ಯಾರು?’ ಎಂದು ಕೇಳಿದ್ದ.

“ಪಪ್ಪಾ, ಅಕ್ಷಿತಾ ಆಂಟಿಯ ಹೆಸರು ಯಾಕೆ ಮೊದಲು? ಕಾರ್ಖಾನೆ ನಿನ್ನದಲ್ವಾ?”

ಎವ್ಲಿನ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳಿಗೂ ಅವನು ಇನ್ನೂ ಹೇಳಿರಲಿಲ್ಲ. ಡೆರಿಲ್ ಮಗಳ ಪಕ್ಕದಲ್ಲಿ ಕೂತು, ಅಕ್ಷಿತಾ ಆಕಾಶ ತೋರಿಸಿದ ಆ ಶುಕ್ರವಾರ ಸಂಜೆಯಿಂದ ಶುರುಮಾಡಿ, ಒಂದನ್ನೂ ಬಿಡದೆ ಹೇಳಿದ. ಟಾನ್ಯಾ ಫೋನನ್ನು ತೊಡೆಯ ಮೇಲೆ ಮಗುಚಿಟ್ಟು ಕೇಳಿದಳು.

“ಅಂದ್ರೆ ನಿನಗೆ ಆಂಟಿ ಮೇಲೆ ಜೆಲಸ್ ಆಗಿತ್ತಾ?”

“ಹೌದು.”

“ಈಗ?”

ಡೆರಿಲ್ ಎವ್ಲಿನಳ ಮುಖ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ, ಸಹಾಯಕ್ಕೂ ಬರಲಿಲ್ಲ.

“ಈಗಲೂ ಉಂಟು” ಎಂದ. “ನೀರು ಯಾರು ಮಾಡಿದ್ದು ಅಂತ ಅವನು ಕೇಳಿದಾಗ ಸಹ ಆಯ್ತು.”

“ಅವನಿಗೆ ಉತ್ತರ ಕೊಡು ಮತ್ತೆ” ಎಂದು ಟಾನ್ಯಾ ಫೋನನ್ನು ಅವನ ಕೈಗೆ ಕೊಟ್ಟಳು. ಡೆರಿಲ್ ಕನ್ನಡಕ ಹಾಕಿಕೊಂಡು, ಅಕ್ಷರ ಹುಡುಕುತ್ತಾ ಅಕ್ಷಿತಾಳ ಹೆಸರನ್ನು ಟೈಪ್ ಮಾಡತೊಡಗಿದ.